ಪೋರ್ಟ್‌ಫೋಲಿಯೋದಲ್ಲಿ ಕೆಟ್ಟ ಬಣ್ಣ ಸರಿಹೋದದ್ದು ಹೀಗೆ

ನಾನು ಗ್ರಾಫಿಕ್ ಡಿಸೈನ್ ವಿದ್ಯಾರ್ಥಿನಿ. ನನ್ನ ಕೆಲಸಗಳನ್ನು ತೋರಿಸಲು ಒಂದು ವೆಬ್‌ಸೈಟ್ ಮಾಡುತ್ತಿದ್ದೆ. ಮೊದಲ ಸಲ ಫೋನಿನಲ್ಲಿ ತೆರೆದಾಗ ಎದೆ ಧಸಕ್ಕೆಂದಿತು. ತಿಂಗಳುಗಟ್ಟಲೆ ಕೂತು ಮಾಡಿದ ಪೋಸ್ಟರಿನ ಕಿತ್ತಳೆ ಬಣ್ಣ ಬೇರೆಯೇ ಆಗಿತ್ತು. ಪುಟ ತೆರೆಯಲೂ ತುಂಬಾ ಹೊತ್ತು ಹಿಡಿಯಿತು.

ಎರಡು ದಿನ ಸುಮ್ನೆ ಥೀಮ್ ಬದಲಾಯಿಸುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ. ಪ್ರಿಂಟಿಗೆಂದು ಮಾಡಿದ ಸಿಎಂವೈಕೆ ಫೈಲನ್ನೇ ಹಾಕಿಬಿಟ್ಟಿದ್ದೆ. ಅದು ನಾಲ್ಕು ಶಾಯಿಗಳ ಲೆಕ್ಕ. ಪರದೆ ಬಣ್ಣ ಕಟ್ಟುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ ಅಲ್ವಾ? ಮೂಲ ಫೈಲನ್ನು ಮುಟ್ಟದೆ, ಅದರ ಪ್ರತಿಯನ್ನು ಎಸ್‌ಆರ್‌ಜಿಬಿಗೆ, ಅಂದರೆ ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣದ ಲೆಕ್ಕಕ್ಕೆ, ಬದಲಿಸಿದೆ. ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಬಣ್ಣದ ಲೆಕ್ಕದಲ್ಲಿದ್ದ ಫೋಟೋಗಳಿಗೂ ಹಾಗೇ. ಫೈಲಿನಲ್ಲಿರುವ ಸಂಖ್ಯೆಗಳು ಯಾವ ಬಣ್ಣವೆಂದು ಹೇಳುವ ವಿವರಕ್ಕೆ ಪ್ರೊಫೈಲ್ ಎನ್ನುತ್ತಾರೆ. ಇಲ್ಲಿ ಒಂದು ಎಚ್ಚರ: ‘ಅಸೈನ್ ಪ್ರೊಫೈಲ್’ ಒತ್ತಬೇಡಿ, ‘ಕನ್ವರ್ಟ್ ಟು ಪ್ರೊಫೈಲ್’ ಒತ್ತಿ. ಅಸೈನ್ ಮಾಡಿದರೆ ಸಂಖ್ಯೆಗಳು ಹಾಗೇ ಉಳಿದು, ಕಾಣುವ ಬಣ್ಣ ಬದಲಾಗುತ್ತದೆ. ಕನ್ವರ್ಟ್ ಮಾಡಿದರೆ ಬಣ್ಣ ಆದಷ್ಟು ಹಾಗೇ ಉಳಿಯುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಫೈಲನ್ನೂ ಜೊತೆಗೆ ಸೇರಿಸಿದೆ.

ಇನ್ನು ನಿಧಾನದ ವಿಷಯ. ವೆಬ್ ಪುಟದಲ್ಲಿ 300 ಡಿಪಿಐ (ಪ್ರಿಂಟಿನಲ್ಲಿ ಇಂಚಿಗೆ ಎಷ್ಟು ಚುಕ್ಕಿ ಎನ್ನುವ ಅಳತೆ) ಲೆಕ್ಕಕ್ಕೇ ಬರುವುದಿಲ್ಲ, ಪಿಕ್ಸೆಲ್ ಎಷ್ಟಿವೆ ಎನ್ನುವುದೇ ಮುಖ್ಯ. 800 ಪಿಕ್ಸೆಲ್ ಅಗಲದ ಜಾಗಕ್ಕೆ, ದಟ್ಟ ಪಿಕ್ಸೆಲ್‌ಗಳ ಪರದೆಯಲ್ಲೂ ಚೆನ್ನಾಗಿ ಕಾಣಲೆಂದು ಎರಡರಷ್ಟು, ಅಂದರೆ 1600 ಪಿಕ್ಸೆಲ್ ಚಿತ್ರ ಸಾಕಾಯಿತು. ಫೋಟೋಗಳನ್ನು ಫೈಲ್ ಚಿಕ್ಕದಾಗಿಸುವ ವೆಬ್‌ಪಿ ರೂಪದಲ್ಲಿ, ಲೋಗೋಗಳನ್ನು ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಎಸ್‌ವಿಜಿ ರೂಪದಲ್ಲಿ ಉಳಿಸಿದೆ. ಕೆಲಸಗಳನ್ನೂ 22ರಿಂದ 8ಕ್ಕೆ ಇಳಿಸಿದೆ. ಅದು ಬಹಳ ಕಷ್ಟವಾಯಿತು, ಆದರೆ ಉಳಿದ ಎಂಟರ ಹಿಂದಿನ ಯೋಚನೆ ಬರೆಯಲು ಜಾಗ ಸಿಕ್ಕಿತು. ಈಗ ಆ ಕಿತ್ತಳೆ ನನ್ನ ಫೋನಿನಲ್ಲೂ ಕಿತ್ತಳೆಯೇ.