ಖಳನಾಯಕನ ಬಲಾಬಲವನ್ನು ಬಿಡಿಸಿ ನೋಡುವ ಕ್ರಮ

ಸಮರಕಲೆಯ ಚಿತ್ರವೊಂದನ್ನು ನೋಡಿ ಎದ್ದವರ ನಡುವೆ ಖಳನಾಯಕನ ಬಗ್ಗೆ ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತದೆ: ಅವನು ಎಷ್ಟು ಬಲಶಾಲಿ? ಈ ಪ್ರಶ್ನೆ ಬಗೆಹರಿಯದೆ ಉಳಿಯುವುದಕ್ಕೆ ಕಾರಣ, ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿರುವುದು. ಹುಟ್ಟಿನಿಂದಲೋ ಸಾಧನೆಯಿಂದಲೋ ಅವನ ಮೈಗೆ ಬಂದ ಶಕ್ತಿ ಯಾವುದು, ಕೈಯಲ್ಲಿರುವ ಆಯುಧ ಅವನಿಗೆ ಕೊಡುವ ಅನುಕೂಲ ಯಾವುದು, ಇವೆರಡನ್ನೂ ಬದಿಗಿಟ್ಟ ಮೇಲೂ ಉಳಿಯುವ ಹೋರಾಟದ ಪರಿಣತಿ ಎಷ್ಟು ಎಂದು ಬಿಡಿಸಿ ಕೇಳಿದರೆ ಮಾತ್ರ ಉತ್ತರ ಹತ್ತಿರ ಬರುತ್ತದೆ. ಆದ್ದರಿಂದ ಇಂಥ ವಿಶ್ಲೇಷಣೆ ಮೂಲತಃ ಕಳೆಯುವ ಲೆಕ್ಕ. ಆಯುಧವನ್ನು ಕಳೆಯಬೇಕು, ಹೋರಾಟ ನಡೆದ ಜಾಗದ ಅನುಕೂಲವನ್ನು ಕಳೆಯಬೇಕು, ಕ್ಯಾಮೆರಾದ ಕೈಚಳಕವನ್ನು ಕಳೆಯಬೇಕು, ಅನುಚರರು ಹಬ್ಬಿಸಿದ ಭಯವನ್ನೂ ಕಳೆಯಬೇಕು. ಕೊನೆಗೆ ಉಳಿದದ್ದು ಆ ಪಾತ್ರದ ನಿಜವಾದ ಕಸುವು.

ಪುರಾವೆ ಕಲೆಹಾಕುವುದು

ಮೊದಲ ಸಲ ಚಿತ್ರವನ್ನು ಸುಮ್ಮನೆ ನೋಡಬೇಕು. ಆರಂಭದಿಂದಲೇ ಪೆನ್ನು ಹಿಡಿದು ಕುಳಿತವರಿಗೆ ಚಿತ್ರ ಹೆದರಿಸಬಯಸಿದ ಕಡೆ ಹೆದರಲು ಆಗುವುದಿಲ್ಲ, ಮತ್ತು ಆ ಹೆದರಿಕೆಯೂ ಒಂದು ಮಾಹಿತಿಯೇ. ಎರಡನೆಯ ಸಲ ಖಳನು ಹೊಡೆದಾಡುವ ದೃಶ್ಯಗಳನ್ನಷ್ಟೇ ಆರಿಸಿ, ಧ್ವನಿಯನ್ನು ಪೂರ್ತಿ ಅಡಗಿಸಿ ನೋಡಬೇಕು. ಸದ್ದಿಲ್ಲದಾಗ ಎಷ್ಟೋ ಗುದ್ದುಗಳು ಹಗುರಾಗಿಬಿಡುತ್ತವೆ. ನಮ್ಮನ್ನು ಬೆಚ್ಚಿಬೀಳಿಸಿದ ಹೊಡೆತದ ತೂಕದಲ್ಲಿ ಅರ್ಧದಷ್ಟು ಧ್ವನಿ ವಿಭಾಗದವರ ಕೊಡುಗೆ ಎಂಬುದು ಆಗ ತಿಳಿಯುತ್ತದೆ. ಮೂರನೆಯ ಸಲ ಅದೇ ದೃಶ್ಯಗಳನ್ನು ನಿಧಾನಗತಿಯಲ್ಲಿ, ಖಳನ ಕಾಲುಗಳ ಮೇಲೆ ಮಾತ್ರ ಕಣ್ಣಿಟ್ಟು ನೋಡುವುದು ಒಳ್ಳೆಯದು. ಕೈ ನೋಡುಗರಿಗಾಗಿ ಚಲಿಸುತ್ತದೆ, ಕಾಲು ಹೋರಾಟಕ್ಕಾಗಿ ಚಲಿಸುತ್ತದೆ ಎನ್ನುವುದು ಈ ಲೇಖಕನ ಅನುಭವ.

ಟಿಪ್ಪಣಿ ಬರೆಯುವಾಗ ಪ್ರತಿಯೊಂದು ಸಂಗತಿಯ ಎದುರಿಗೂ ಅದು ಬಾಯಿಮಾತೋ, ಕಣ್ಣಾರೆ ಕಂಡದ್ದೋ ಎಂದು ಗುರುತು ಹಾಕಬೇಕು. ‘ಅವನೊಬ್ಬನೇ ನೂರು ಜನರನ್ನು ಕೊಂದ’ ಎಂದು ಯಾರೋ ಹೇಳಿದರೆ ಅದು ಕೀರ್ತಿ; ಶಕ್ತಿಗೆ ಪುರಾವೆಯಲ್ಲ. ಕಂಡದ್ದರಲ್ಲಿಯೂ, ಯಾರ ಮೇಲೆ ಎಂಬುದು ಮುಖ್ಯ. ಹೆಸರೇ ಇಲ್ಲದ ಹತ್ತು ಮಂದಿ ಕಾವಲುಗಾರರನ್ನು ಕೆಡವಿದ್ದಕ್ಕಿಂತ, ಅದಕ್ಕೆ ಮೊದಲೇ ತನ್ನ ಪರಿಣತಿಯನ್ನು ತೋರಿಸಿಕೊಟ್ಟ ಒಬ್ಬ ಪಟುವನ್ನು ಕೆಡವಿದ್ದು ಹೆಚ್ಚು ತೂಗುತ್ತದೆ. ಚಿತ್ರಕಥೆಗಾರರು ನಾಯಕನ ಗುರುವನ್ನೋ ಗೆಳೆಯನನ್ನೋ ಖಳನ ಕೈಯಲ್ಲಿ ಸಾಯಿಸುವುದು ಸೇಡಿಗೆ ಕಾರಣ ಒದಗಿಸುವುದಕ್ಕಾಗಿ ಮಾತ್ರವಲ್ಲ, ನಮ್ಮ ಕೈಗೆ ಒಂದು ಅಳತೆಗೋಲು ಕೊಡುವುದಕ್ಕಾಗಿಯೂ ಹೌದು.

ಇನ್ನೊಂದು ಕೆಲಸವನ್ನು ಆರಂಭದಲ್ಲೇ ಮುಗಿಸಿಕೊಳ್ಳಬೇಕು, ಅದು ಆ ಚಿತ್ರದ ಲೋಕದ ನಿಯಮವನ್ನು ಗೊತ್ತುಮಾಡಿಕೊಳ್ಳುವುದು. ಚೀನೀ ವೂಷಿಯಾ, ಎಂದರೆ ಸಮರಕಲೆಯ ವೀರರ ಸಾಹಸಗಳನ್ನು ಹೇಳುವ ಪರಂಪರೆಯ ಕಥೆಗಳಲ್ಲಿ ದೇಹವನ್ನು ಹಗುರಗೊಳಿಸಿ ಮಾಡಿನ ಮೇಲಿಂದ ಮಾಡಿಗೆ ಹಾರುವ ವಿದ್ಯೆ ಒಳ್ಳೆಯವರಿಗೂ ಕೆಟ್ಟವರಿಗೂ ಸಮಾನವಾಗಿ ಒಲಿದಿರುತ್ತದೆ. ಅಂಥ ಚಿತ್ರದಲ್ಲಿ ಖಳನು ಹಾರಿದ್ದನ್ನು ಅವನ ವಿಶೇಷ ಶಕ್ತಿ ಎಂದು ಪಟ್ಟಿಗೆ ಸೇರಿಸುವುದು, ಮೀನು ಈಜಿತು ಎಂದು ಬೆರಗಾದಂತೆ.

ಮೈಯ ಶಕ್ತಿ

ಈ ಪ್ರಕಾರದ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಅತಿಮಾನುಷ ಶಕ್ತಿಯೆಂದರೆ ಆಯುಧ ನಾಟದ ಮೈ. ಇದಕ್ಕೆ ಇತಿಹಾಸದ ನೆರಳೂ ಇದೆ: 1899ರಿಂದ 1901ರವರೆಗೆ ಚೀನಾದಲ್ಲಿ ನಡೆದ ಬಾಕ್ಸರ್ ದಂಗೆಯಲ್ಲಿ ಪಾಲ್ಗೊಂಡ ಅನೇಕರು ತಮ್ಮ ಸಾಧನೆಯಿಂದ ಗುಂಡು ಕೂಡ ತಾಗದು ಎಂದು ನಂಬಿದ್ದರು. ಆ ನಂಬಿಕೆಯ ದುರಂತವನ್ನು 1991ರ ‘ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ’ ಚಿತ್ರ ಒಂದೇ ಪಾತ್ರದಲ್ಲಿ ಹಿಡಿದಿಡುತ್ತದೆ. ಕಬ್ಬಿಣದಂಥ ಮೈಯ ಪ್ರತಿಸ್ಪರ್ಧಿ ಯಿಮ್ ಕೊನೆಗೆ ಬೀಳುವುದು ನಾಯಕನ ಹೊಡೆತಕ್ಕಲ್ಲ, ಬಂದೂಕಿನ ಗುಂಡುಗಳಿಗೆ.

ಇಂಥ ಶಕ್ತಿ ಎದುರಾದಾಗ ಅದು ಎಲ್ಲಿ ನಿಲ್ಲುತ್ತದೆ ಎಂದು ಹುಡುಕಬೇಕು. ಮೊಂಡ ಹೊಡೆತವನ್ನು ತಡೆಯುವ ಮೈ ಹರಿತ ಅಂಚನ್ನೂ ತಡೆಯುತ್ತದೆಯೇ? ಅದು ಯಾವಾಗಲೂ ಇರುತ್ತದೆಯೇ, ಇಲ್ಲ ಉಸಿರು ಬಿಗಿಹಿಡಿದಾಗ ಮಾತ್ರವೇ? ಕಣ್ಣು, ಕಿವಿ, ಗಂಟಲುಗಳ ಗತಿಯೇನು? ತಾಯಿಯ ನೋಟದಿಂದ ವಜ್ರಕಾಯನಾದ ದುರ್ಯೋಧನನ ತೊಡೆಯೊಂದು ಹಾಗೆಯೇ ಉಳಿಯಿತು ಎಂಬ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಹುಡುಕಾಟವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ದುರ್ಬಲ ಜಾಗ ಯಾವುದು ಎಂಬಷ್ಟಕ್ಕೇ ನಿಲ್ಲಬಾರದು. 1977ರ ‘ಎಕ್ಸಿಕ್ಯೂಷನರ್ಸ್ ಫ್ರಮ್ ಶಾವೊಲಿನ್’ ಚಿತ್ರದ ಬಿಳಿಹುಬ್ಬಿನ ಪೈ ಮೇ, ಎದುರಾಳಿ ಸಹಜವಾಗಿ ಗುರಿಯಿಡುವ ಗುಪ್ತಾಂಗವನ್ನೇ ಮೈಯೊಳಗೆ ಸೆಳೆದುಕೊಂಡು, ಒದ್ದ ಕಾಲನ್ನು ಅಲ್ಲೇ ಸಿಕ್ಕಿಸಿಕೊಳ್ಳುತ್ತಾನೆ. ಅಂದರೆ ದೌರ್ಬಲ್ಯವೇ ಅಲ್ಲಿ ಬಲೆಯಾಗಿದೆ. ಅವನನ್ನು ಎದುರಿಸಲು ತಂದೆಯ ಹುಲಿ ವರಸೆಯೊಂದೇ ಸಾಲದೆ, ನಾಯಕನ ಮಗ ಅದಕ್ಕೆ ತಾಯಿಯ ಕೊಕ್ಕರೆ ವರಸೆಯನ್ನು ಬೆರೆಸಬೇಕಾಗುತ್ತದೆ. ಇದನ್ನು ಗಮನಿಸಿದವರು ಪೈ ಮೇಯ ಶಕ್ತಿಯನ್ನು ‘ಅಭೇದ್ಯ ಮೈ’ ಎಂದು ಬರೆದು ಮುಗಿಸುವುದಿಲ್ಲ. ‘ಒಂದೇ ಬಗೆಯ ದಾಳಿಗೆ ಅಭೇದ್ಯ’ ಎಂದು ಬರೆಯುತ್ತಾರೆ.

ಆಯುಧ

ಆಯುಧದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಊಹೆಗಿಂತ ಲೆಕ್ಕಕ್ಕೆ ಹೆಚ್ಚು ಸಿಗುವ ಭಾಗ ಇದು. ಯಾವುದೇ ಆಯುಧವನ್ನು ಕಂಡರೂ ಅದರ ಎಟುಕು ಎಷ್ಟು, ಒಂದು ಹೊಡೆತದಿಂದ ಇನ್ನೊಂದು ಹೊಡೆತಕ್ಕೆ ಎಷ್ಟು ಸಮಯ ಬೇಕು, ಬೀಸಲು ಎಷ್ಟು ಜಾಗ ಬೇಕು, ಗುರಿ ತಪ್ಪಿದಾಗ ಹಿಡಿದವನು ಯಾವ ಸ್ಥಿತಿಯಲ್ಲಿರುತ್ತಾನೆ ಎಂದು ಕೇಳಬೇಕು. ನಾಲ್ಕನೆಯ ಪ್ರಶ್ನೆಯನ್ನು ಹೆಚ್ಚಿನವರು ಮರೆಯುತ್ತಾರೆ, ನಾಯಕರು ಗೆಲ್ಲುವುದು ಬಹುಪಾಲು ಅದೇ ಕ್ಷಣದಲ್ಲಿ. ಆಯುಧದ ತೂಕ ಕಂಡೊಡನೆ ಬೆರಗಾಗುವ ಅಗತ್ಯವಿಲ್ಲ: ಚಲಿಸುವ ವಸ್ತುವಿನ ಶಕ್ತಿ ತೂಕ ಇಮ್ಮಡಿಯಾದರೆ ಇಮ್ಮಡಿಯಾಗುತ್ತದೆ, ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ. ಸರಪಳಿಯ ತುದಿಗೆ ಕಟ್ಟಿದ ಸಣ್ಣ ಗುಂಡು ಭಾರಿ ಗದೆಗಿಂತ ಭಯಂಕರವಾಗುವುದು ಹೀಗೆ.

1976ರ ‘ಮಾಸ್ಟರ್ ಆಫ್ ದ ಫ್ಲೈಯಿಂಗ್ ಗಿಲೊಟಿನ್’ ಚಿತ್ರದ ಆಯುಧವನ್ನೇ ಈ ಪ್ರಶ್ನೆಗಳಿಗೆ ಒಡ್ಡಿ ನೋಡಬಹುದು. ಟೊಪ್ಪಿಗೆಯಂಥ ಚಕ್ರ, ಅದರೊಳಗೆ ಅಲಗುಗಳು, ಅದಕ್ಕೊಂದು ಸರಪಳಿ. ಎದುರಾಳಿಯ ತಲೆಯ ಮೇಲೆ ಬೀಳುವಂತೆ ಎಸೆದು ಎಳೆದರೆ ತಲೆ ಹೋಯಿತು. ಎಟುಕು ಅಗಾಧ, ನಿಜ. ಆದರೆ ಇದು ಎಸೆಯುವುದು, ಕೂರಿಸುವುದು, ಎಳೆಯುವುದು ಎಂಬ ಮೂರು ಹಂತಗಳ ಆಯುಧ, ಮತ್ತು ಮೂರೂ ಹಂತಗಳು ನೆರವೇರದೆ ಕೊಲ್ಲಲಾರದು. ಬೀಸಲು ತೆರಪು ಬೇಕು; ಒಮ್ಮೆ ಎಸೆದ ಮೇಲೆ ಮತ್ತೆ ಕೈಸೇರುವವರೆಗೆ ಕೈ ಬರಿದು. ಮೇಲಾಗಿ ಅದನ್ನು ಹಿಡಿದ ಖಳ ಕುರುಡ, ಕಿವಿಯಿಂದಲೇ ಗುರಿಯಿಡುವವನು. ಒಂಟಿಗೈಯ ನಾಯಕ ಚಕ್ರವನ್ನು ಮನುಷ್ಯನ ಕುತ್ತಿಗೆಯ ಬದಲು ಬಿದಿರ ಗಳಗಳ ಮೇಲೆ ಬೀಳುವಂತೆ ಮಾಡಿ ಅಲಗುಗಳನ್ನು ಕೆಡಿಸುವಾಗ, ದಾಳಿ ನಡೆಯುವುದು ಎರಡನೆಯ ಹಂತದ ಮೇಲೆ. ನಾಯಕನ ಉಪಾಯವನ್ನು ಹಿಂದುಮುಂದಾಗಿ ಓದಿದರೆ ಆಯುಧದ ವಿನ್ಯಾಸ ತೆರೆದುಕೊಳ್ಳುತ್ತದೆ. ಹೀಗೆ ಓದುವ ಕ್ರಮ ಎಲ್ಲ ಚಿತ್ರಗಳಿಗೂ ಅನ್ವಯಿಸುತ್ತದೆ.

1973ರ ‘ಎಂಟರ್ ದ ಡ್ರ್ಯಾಗನ್’ ಚಿತ್ರದ ಹ್ಯಾನ್ ಕಳೆಯುವ ಲೆಕ್ಕಕ್ಕೆ ಹೇಳಿಮಾಡಿಸಿದ ಪಾತ್ರ. ಅವನಿಗೆ ಒಂದು ಕೈ ಇಲ್ಲ. ಆ ಜಾಗಕ್ಕೆ ಕಬ್ಬಿಣದ ಕೈಯನ್ನೋ ಅಲಗುಗಳುಳ್ಳ ಪಂಜವನ್ನೋ ಬೇಕಾದಂತೆ ಬದಲಾಯಿಸಿ ಜೋಡಿಸಿಕೊಳ್ಳುತ್ತಾನೆ. ಕಬ್ಬಿಣದ ಕೈಯಿಂದ ಅವನು ವಿಲಿಯಮ್ಸ್ ಎಂಬ ನುರಿತ ಹೋರಾಟಗಾರನನ್ನು ಕೊಲ್ಲುತ್ತಾನೆ, ಆದ್ದರಿಂದ ಅವನನ್ನು ಅಲ್ಪನೆನ್ನುವಂತಿಲ್ಲ. ಆದರೆ ಬ್ರೂಸ್ ಲೀಯ ಎದುರು ಬಯಲಿಗೆ ಬಿದ್ದಾಗ ಒದೆಗಳು ಅವನ ಮೇಲೆ ಬೀಳುವ ಪ್ರಮಾಣವೇ ಬೇರೆ. ಕೈಯಲ್ಲಿ ಅಲಗಿದ್ದರೂ ಹಿಮ್ಮೆಟ್ಟುವ ಅವನು ಕನ್ನಡಿಗಳ ಕೋಣೆಯನ್ನು ಹೊಕ್ಕಮೇಲೆ ಮಾತ್ರ ಹೋರಾಟ ಸಮಬಲಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಎದುರಾಳಿಗೆ ಹೊಡೆಯಲು ಯಾವುದು ಮೈ, ಯಾವುದು ಬಿಂಬ ಎಂಬುದೇ ತಿಳಿಯದು. ಲೀ ಕನ್ನಡಿಗಳನ್ನು ಒಡೆಯತೊಡಗಿದ ಕೂಡಲೇ ಆ ಅನುಕೂಲ ಕರಗುತ್ತದೆ. ಕೊನೆಗೆ ಹ್ಯಾನ್ ತಾನೇ ಎಸೆದಿದ್ದ ಈಟಿಗೆ ಸಿಕ್ಕಿ ಸಾಯುತ್ತಾನೆ. ಅಲಗನ್ನು ಕಳೆದು, ಕೋಣೆಯನ್ನು ಕಳೆದು ನೋಡಿದರೆ ಉಳಿಯುವುದು ಒಳ್ಳೆಯ, ಆದರೆ ನಾಯಕನಿಗಿಂತ ಸ್ಪಷ್ಟವಾಗಿ ಕೆಳಗಿನ ದರ್ಜೆಯ ಹೋರಾಟಗಾರ. ಅವನ ನಿಜವಾದ ಆಯುಧ ಯೋಜನೆ ಎಂದು ಬರೆದರೆ ತಪ್ಪಾಗಲಾರದು.

ಇದಕ್ಕೆ ತದ್ವಿರುದ್ಧವಾದ ನಿದರ್ಶನ 1992ರ ‘ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ’ ಎರಡನೆಯ ಭಾಗದಲ್ಲಿ ಡಾನಿ ಯೆನ್ ನಟಿಸಿದ ಸೇನಾಧಿಕಾರಿ. ಅವನ ಕೈಯಲ್ಲಿರುವುದು ಬರಿಯ ಬಟ್ಟೆ. ಒದ್ದೆಮಾಡಿ ತಿರುಚಿದಾಗ ಅದೇ ಚಾಟಿಯಾಗುತ್ತದೆ, ದೊಣ್ಣೆಯಾಗುತ್ತದೆ. ಇಲ್ಲಿ ಆಯುಧವನ್ನು ಕಳೆದರೆ ಕಳೆಯುವಂಥದ್ದು ಏನೂ ಇರುವುದಿಲ್ಲ, ಏಕೆಂದರೆ ಆಯುಧದ ಗುಣವೆಲ್ಲ ಅದನ್ನು ಹಿಡಿದ ಕೈಯಿಂದ ಬಂದದ್ದು. ಸಾಧಾರಣ ವಸ್ತುವನ್ನು ಆಯುಧವಾಗಿಸುವ ಖಳನಿಗೆ ಪರಿಣತಿಯ ಲೆಕ್ಕದಲ್ಲಿ ಒಂದು ಮೆಟ್ಟಿಲು ಹೆಚ್ಚು ಕೊಡಬಹುದು.

ಪರಿಣತಿ

ಪರಿಣತಿ ಎಂದರೆ ವರಸೆಗಳ ಸಂಖ್ಯೆಯಲ್ಲ. ಅಂತರವನ್ನು ತನಗೆ ಬೇಕಾದಂತೆ ಇಟ್ಟುಕೊಳ್ಳುವುದು, ತಾಳ ತಪ್ಪಿದಾಗ ಸರಿಪಡಿಸಿಕೊಳ್ಳುವುದು, ಎದುರಾಳಿಯನ್ನು ಓದುವುದು, ದಣಿವಿನಲ್ಲಿಯೂ ನಿಲುವು ಕೆಡದಿರುವುದು, ಇವು ಅದರ ಲಕ್ಷಣಗಳು. 2011ರ ಇಂಡೊನೇಷ್ಯಾದ ‘ದ ರೇಡ್’ ಚಿತ್ರದಲ್ಲಿ ಯಾಯಾನ್ ರುಹಿಯಾನ್ ನಟಿಸಿದ ಮ್ಯಾಡ್ ಡಾಗ್ ಕೈಗೆ ಸಿಕ್ಕ ಪಿಸ್ತೂಲನ್ನು ಬದಿಗಿಟ್ಟು ಬರಿಗೈಯಲ್ಲಿ ಹೋರಾಡಲು ನಿಲ್ಲುತ್ತಾನೆ. ಅಂದರೆ ಕಳೆಯುವ ಲೆಕ್ಕವನ್ನು ಅವನೇ ನಮಗಾಗಿ ಮಾಡಿಕೊಡುತ್ತಾನೆ. ಗಾತ್ರದಲ್ಲಿ ಸಣ್ಣವನು, ಕಲಿತದ್ದು ಪೆಂಚಕ್ ಸಿಲಾಟ್ ಎಂಬ ಅಲ್ಲಿನ ಸಮರಕಲೆ, ಕೊನೆಯ ಕಾಳಗದಲ್ಲಿ ಎದುರಿಗಿರುವವರು ಇಬ್ಬರು ಅಣ್ಣತಮ್ಮಂದಿರು. ಅವನು ಬಹುತೇಕ ಸಮಯ ಇಬ್ಬರನ್ನೂ ಒಂದೇ ಕಡೆ ಇರುವಂತೆ ನೋಡಿಕೊಳ್ಳುವುದನ್ನು ಗಮನಿಸಬೇಕು. ಕುತ್ತಿಗೆಗೆ ಒಡೆದ ಟ್ಯೂಬ್‌ಲೈಟಿನ ಗಾಜು ಹೊಕ್ಕ ಮೇಲೂ ಅವನು ಹೋರಾಡುತ್ತಲೇ ಇರುತ್ತಾನೆ. ಅದನ್ನು ಶಕ್ತಿಯ ಕೆಳಗೆ ಬರೆಯಬೇಕೋ, ಛಲದ ಕೆಳಗೆ ಬರೆಯಬೇಕೋ ಎಂಬುದು ವಿಶ್ಲೇಷಕರ ವಿವೇಚನೆಗೆ ಬಿಟ್ಟದ್ದು. ಈ ಲೇಖಕನ ಒಲವು ಎರಡನೆಯದರ ಕಡೆಗೆ.

ಎದುರಾಳಿಯನ್ನು ಓದುವ ಗುಣಕ್ಕೆ 1978ರ ‘ಡ್ರಂಕನ್ ಮಾಸ್ಟರ್’ ಒಳ್ಳೆಯ ಪಾಠ. ಹ್ವಾಂಗ್ ಜಾಂಗ್ ಲೀ ನಟಿಸಿದ ಬಾಡಿಗೆ ಹಂತಕನ ಬಲವೆಲ್ಲ ಒದೆಯಲ್ಲಿದೆ. ಅದರಿಂದ ಎಟುಕು ಹೆಚ್ಚುತ್ತದೆ, ಆದರೆ ಪ್ರತಿ ಒದೆಗೂ ಒಂದು ಗಳಿಗೆ ಒಂಟಿಕಾಲಿನಲ್ಲಿ ನಿಲ್ಲಬೇಕಾಗುತ್ತದೆ. ಜಾಕಿ ಚಾನ್ ಕಲಿತ ಕುಡುಕ ವರಸೆಗಳನ್ನು ಅವನು ತಡೆದುಕೊಳ್ಳಬಲ್ಲ; ನಾಯಕ ಸರಿಯಾಗಿ ಕಲಿಯದೆ ಬಿಟ್ಟಿದ್ದ ಎಂಟನೆಯ ವರಸೆಯನ್ನು ನಿಂತ ನಿಲುವಿನಲ್ಲೇ ಹೊಸದಾಗಿ ಕಟ್ಟಿಕೊಂಡಾಗ ಮಾತ್ರ ತಬ್ಬಿಬ್ಬಾಗುತ್ತಾನೆ. ಹಾಗಾಗಿ ಅವನ ಮಿತಿ ಕಾಲಿನಲ್ಲಿಲ್ಲ, ಗೊತ್ತಿರುವುದನ್ನು ಮಾತ್ರ ಓದಬಲ್ಲ ಕಣ್ಣಿನಲ್ಲಿದೆ.

ಕ್ಯಾಮೆರಾದ ಪಾಲು

ನಟನ ಪರಿಣತಿಯನ್ನು ಪಾತ್ರದ ಖಾತೆಗೆ ಜಮೆ ಮಾಡುವುದು ಎಲ್ಲರೂ ಮಾಡುವ ತಪ್ಪು. ಹ್ಯಾನ್ ಪಾತ್ರ ಮಾಡಿದ ಶಿ ಕೀನ್ ಆಗ ಸುಮಾರು 60 ವರ್ಷದವರು, ಚಿತ್ರದಲ್ಲಿ ಕೇಳುವ ಇಂಗ್ಲಿಷ್ ಧ್ವನಿಯೂ ಅವರದಲ್ಲ. ವೇಗದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಚಿತ್ರ ತೆರೆಯ ಮೇಲೆ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಂತೆ (ಫ್ರೇಮ್). ಚಿತ್ರೀಕರಣವನ್ನು 20 ಚೌಕಟ್ಟುಗಳಲ್ಲಿ ಮಾಡಿದ್ದರೆ ಪ್ರತಿ ಚಲನೆಯೂ ಶೇಕಡಾ 20ರಷ್ಟು ವೇಗವಾಗಿ ಕಾಣುತ್ತದೆ. ಹಾರುವ ಧೂಳು, ಬೀಳುವ ನೀರು, ಅಲುಗುವ ಬಟ್ಟೆಯ ಅಂಚು ಅಸಹಜವಾಗಿ ಅವಸರಪಡುತ್ತಿದ್ದರೆ ಈ ಉಪಾಯ ನಡೆದಿದೆ ಎಂದು ತಿಳಿಯಬಹುದು. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಮೈ ಸ್ಪಂದಿಸಲು ಸೆಕೆಂಡಿನ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗದಷ್ಟು ಸಮಯ ಬೇಕು, ಎಂದರೆ ಐದಾರು ಚೌಕಟ್ಟುಗಳು. ಗುದ್ದು ಹೊರಟ ಎರಡೇ ಚೌಕಟ್ಟುಗಳಲ್ಲಿ ಖಳನ ಕೈ ತಡೆಯಲು ಏಳುತ್ತಿದ್ದರೆ ಅದು ಮೊದಲೇ ಅಭ್ಯಾಸ ಮಾಡಿದ ಸಂಯೋಜನೆ. ಕಥೆಯೊಳಗಿನಿಂದ ನೋಡಿದರೆ ಎದುರಾಳಿಯ ಭುಜದ ಅಲುಗಾಟವನ್ನೇ ಓದಿದ ಮುನ್ನರಿವು. ಯಾವ ಅರ್ಥ ಸರಿ ಎಂಬುದನ್ನು ಪಾತ್ರ ಬೇರೆಡೆಯೂ ಹಾಗೆ ಮಾಡಿದೆಯೇ ಎಂದು ನೋಡಿ ನಿರ್ಧರಿಸಬೇಕು.

ಬರೆಯುವಾಗ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿಯಿಂದ ಹೆಚ್ಚೇನೂ ದಕ್ಕುವುದಿಲ್ಲ. ಅದರ ಬದಲು ಖಳನನ್ನು ಅವನದಲ್ಲದ ಜಾಗದಲ್ಲಿ ನಿಲ್ಲಿಸಿ ಯೋಚಿಸಿದರೆ ಮಾಡಿದ ವಿಶ್ಲೇಷಣೆ ಗಟ್ಟಿಯೋ ಜಳ್ಳೋ ತಿಳಿಯುತ್ತದೆ. ಕನ್ನಡಿಗಳಿಲ್ಲದ ಬಯಲಿನಲ್ಲಿ ಹ್ಯಾನ್ ಎಷ್ಟು ಹೊತ್ತು ನಿಂತಾನು ಎಂಬುದಕ್ಕೆ ಉತ್ತರ ಚಿತ್ರದಲ್ಲೇ ಇದೆ. ಮ್ಯಾಡ್ ಡಾಗ್ ಹೋರಾಡಿದಂಥ ಕಿರಿದಾದ ಕೋಣೆಯೊಳಗೆ ಹಾರುವ ಗಿಲೊಟಿನ್ ಹಿಡಿದ ಕುರುಡನನ್ನು ಬಿಟ್ಟರೆ, ಸರಪಳಿ ಬೀಸಲು ತಾವಿಲ್ಲದೆ ಅವನು ಮೊದಲ ಹೆಜ್ಜೆಯಲ್ಲೇ ಬರಿಗೈಯವನಾಗುತ್ತಾನೆ. ಆಗ ಅವನ ಕಿವಿಯೊಂದೇ ಲೆಕ್ಕಕ್ಕೆ ಉಳಿಯುತ್ತದೆ.