ಬ್ರಾಕೆಟ್ಟಿನೊಳಗಿದ್ದ ಕಿತಾಬು

ಅಜ್ಜ ತೀರಿಹೋದ ಮೇಲೆ ಅವರ ಕಪಾಟಿನ ಅರಬಿ ಕಿತಾಬುಗಳು ನನಗೆ ಬಂದವು. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕುರ್‌ಆನ್ ಓದಲು ಕಲಿತಿದ್ದೆ. ಇವನ್ನೂ ಓದಬಹುದು ಅಂದುಕೊಂಡು ತೆರೆದರೆ ಕುರ್‌ಆನಿನಲ್ಲಿರುವಂಥ ಅಕಾರ, ಇಕಾರದ ಗುರುತೇ ಇಲ್ಲ! ನಲವತ್ತು ದಾಟಿದ ಮೇಲೆ ನಮ್ಮ ಪಳ್ಳಿಯ, ಅಂದರೆ ಮಸೀದಿಯ, ಗುರುಗಳಾದ ಉಸ್ತಾದರ ಮುಂದೆ ಹೋಗಿ ಕೂತೆ. ಸುಬಹಿ ನಮಾಜ್ ಆದ ಮೇಲೆ, ನನ್ನ ಹಾರ್ಡ್‌ವೇರ್ ಅಂಗಡಿ ತೆರೆಯುವ ಮೊದಲು, ಅರ್ಧ ಗಂಟೆ.

ಕೈಯಲ್ಲಿದ್ದದ್ದು 'ಫತ್‌ಹುಲ್ ಮುಈನ್'. ಶಾಫಿಈ ಪಂಥದ ಫಿಕ್‌ಹಿನ, ಅಂದರೆ ಧಾರ್ಮಿಕ ಕಾನೂನಿನ ಕಿತಾಬು. ಉಸ್ತಾದರು ಅದನ್ನು ಪಕ್ಕಕ್ಕಿಟ್ಟು ತೆಳ್ಳಗಿನ 'ಆಜುರ್ರೂಮಿಯ್ಯ' ಕೊಟ್ಟರು. 1323ರಲ್ಲಿ ತೀರಿಕೊಂಡ ಮೊರೊಕ್ಕೊದ ವಿದ್ವಾಂಸರೊಬ್ಬರ ಅರಬಿ ವ್ಯಾಕರಣ. ಕನ್ನಡದವರಿಗೆ ವಿಭಕ್ತಿ ಹೊಸದಲ್ಲ, ಅಲ್ವಾ? ನಮ್ಮಲ್ಲಿ ಏಳು, ಅಲ್ಲಿ ಮೂರೇ. ಆದರೆ ನಮ್ಮ 'ಅನ್ನು', 'ಇಗೆ' ಕಣ್ಣಿಗೆ ಕಾಣುತ್ತವೆ. ಅಲ್ಲಿ ಹೆಚ್ಚಾಗಿ ಪದದ ಕೊನೆಯ ಒಂದು ಸ್ವರ, ಅದನ್ನೂ ಬರೆದಿರುವುದಿಲ್ಲ. ಕುರ್‌ಆನಿನ 35ನೇ ಅಧ್ಯಾಯದ 28ನೇ ವಚನದಲ್ಲಿ 'ಅಲ್ಲಾಹ', 'ಉಲಮಾಉ' ಎಂದು ಓದಿದರೆ ಅಲ್ಲಾಹನಿಗೆ ಅಂಜುವವರು ವಿದ್ವಾಂಸರು. ಕೊನೆಯ ಸ್ವರಗಳು ಅದಲುಬದಲಾದರೆ ಅಂಜುವವನು ಅಲ್ಲಾಹನೇ ಆಗಿಬಿಡುತ್ತಾನೆ. ಇದನ್ನು ಕೇಳಿದ ದಿನವೇ ನನ್ನ ಆತುರ ಇಳಿಯಿತು.

ವ್ಯಾಕರಣಕ್ಕೇ ಒಂದೂವರೆ ವರ್ಷ ಹಿಡಿಯಿತು. ಆಮೇಲೆ 'ಫತ್‌ಹುಲ್ ಮುಈನ್' ಶುರುವಾಯಿತು. ಬ್ರಾಕೆಟ್ಟಿನಲ್ಲಿದ್ದುದನ್ನು ಸುಮ್ನೆ ಹಾರಿಸಿ ಓದುತ್ತಿದ್ದೆ. ಕನ್ನಡದಲ್ಲಿ ಬ್ರಾಕೆಟ್ ಅಂದರೆ ಬಿಟ್ಟರೂ ನಡೆಯುವ ಮಾತು ತಾನೇ! ಉಸ್ತಾದರಿಗೆ ನಗು ತಡೆಯಲಾಗಲಿಲ್ಲ. "ಮೋನೇ, ಬ್ರಾಕೆಟ್ಟಿನ ಒಳಗಿರುವುದೇ ಕಿತಾಬು, ಹೊರಗಿರುವುದು ವಿವರಣೆ" ಅಂದರು. ಕೇರಳದ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಮೊದಲು ಮೂಲ ಬರೆದು, ಆಮೇಲೆ ಅದಕ್ಕೆ ತಾವೇ ವಿವರಣೆ ಹೆಣೆದವರು. ಎರಡೂ ಒಂದೇ ವಾಕ್ಯದಂತೆ ಓಡುತ್ತವೆ. ಈಗ ಮೊದಲು ಪೆನ್ಸಿಲಿನಲ್ಲಿ ಮೂಲದ ಪದಗಳಿಗೆ ಗೆರೆ ಹಾಕಿ, ಅಷ್ಟನ್ನೇ ಓದಿಕೊಂಡು, ಆಮೇಲೆ ಪೂರ್ತಿ ಓದುತ್ತೇನೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ನೀರಿನ ಭಾಗ. ಎರಡು ಕುಲ್ಲತ್‌ನಷ್ಟು (ಕುಲ್ಲತ್ ಅಂದರೆ ನೀರಿನ ಒಂದು ಹಳೆಯ ಅಳತೆ) ನೀರಿದ್ದರೆ ಅಶುದ್ಧ ಬಿದ್ದರೂ ಬಣ್ಣ, ರುಚಿ, ವಾಸನೆ ಬದಲಾಗದಿದ್ದರೆ ಅದು ಶುದ್ಧವೇ. ಎರಡು ಕುಲ್ಲತ್‌ನ ಅಳತೆ ಉದ್ದ, ಅಗಲ, ಆಳ ಮೂರೂ ಒಂದೂಕಾಲು ಮೊಳ. ಅಂಗಡಿಗೆ ಬಂದವನೇ ಟೇಪ್ ತೆಗೆದೆ. ನನ್ನ ಮೊಳ 48 ಸೆಂಟಿಮೀಟರ್, ಒಂದೂಕಾಲು ಅಂದರೆ 60. ಗುಣಿಸಿದರೆ 216 ಲೀಟರ್. ನಾನು ಮಾರುವ ಡ್ರಮ್ಮು 200 ಲೀಟರಿನದು! ಓಡಿಹೋಗಿ ಉಸ್ತಾದರನ್ನು ಕೇಳಿದೆ. ಕೆಲವರು 190ರ ಆಸುಪಾಸು ಲೆಕ್ಕ ಹಾಕುವುದೂ ಉಂಟು ಅಂದರು.

ಶುಕ್ರವಾರ ಮಾತ್ರ ಕಾನೂನಿಗೆ ರಜೆ. ಅಂದು ಈ ಮಖ್ದೂಮರ ಅಜ್ಜ ಬರೆದ 'ಅದ್‌ಕಿಯಾ' ಎಂಬ ತಸವ್ವುಫಿನ, ಅಂದರೆ ಸೂಫಿ ಅಧ್ಯಾತ್ಮದ ಪದ್ಯ. ಅದರಲ್ಲಿ ಶರೀಅತ್ ಎಂಬ ಧರ್ಮದ ಕಾನೂನು ಹಡಗು, ತರೀಕತ್ ಎಂಬ ಸಾಧನೆಯ ದಾರಿ ಕಡಲು, ಹಕೀಕತ್ ಎಂಬ ಪರಮಸತ್ಯ ಮುತ್ತು. ಕಡಲ ದಂಡೆಯಲ್ಲಿ ಕೂತು ಬರೆದವರಿಗೆ ಬೇರೆ ಹೋಲಿಕೆ ಯಾಕೆ ಬೇಕು! ಆದರೆ ಇದನ್ನು ಮೊದಲೇ ಓದಿದ್ದರೆ ಪದ್ಯದ ಸವಿ ಸಿಗುತ್ತಿತ್ತು, ಹಡಗು ಎದುರಿಗೆ ಇರುತ್ತಿರಲಿಲ್ಲ ಅನ್ನಿಸುತ್ತದೆ.

ಮುಂದಿನ ವಾರ ಝಕಾತಿನ, ಅಂದರೆ ಕಡ್ಡಾಯ ದಾನದ ಬಾಬು (ಅಧ್ಯಾಯ). ಅಂಗಡಿಯ ಸ್ಟಾಕ್ ಪುಸ್ತಕವನ್ನೂ ಜೊತೆಗೆ ತರಲು ಉಸ್ತಾದರು ಹೇಳಿದ್ದಾರೆ.