ಬಾಕ್ಸಿಂಗ್ ಹರಾಜು: ಕ್ಯಾಟಲಾಗಿಗಿಂತ ಮೊದಲು ಕಾಗದ ಓದಿ

ಹಳೆಯ ಬಾಕ್ಸಿಂಗ್ ಪಂದ್ಯಗಳ ಪೋಸ್ಟರು, ಟಿಕೆಟ್ಟು, ಸಹಿ, ಕೈಗವಸುಗಳ ಹರಾಜಿನ ಕ್ಯಾಟಲಾಗ್ ಬಂದಾಗ ಲಾಟಿನ, ಅಂದರೆ ಸವಾಲಿಗಿಟ್ಟ ವಸ್ತುವಿನ, ವಿವರಣೆಯನ್ನು ನಾನು ಓದುವುದು ಕೊನೆಗೆ. ಮೊದಲು ಚಿತ್ರವನ್ನು ದೊಡ್ಡದು ಮಾಡಿಕೊಂಡು ವಸ್ತುವಿನ ಮೇಲೆ ಎಲ್ಲೆಲ್ಲಿ ಅಕ್ಷರವಿದೆ ಎಂದು ಹುಡುಕುತ್ತೇನೆ. ಮುದ್ರಕನ ವಿಳಾಸ, ಆಸನದ ಬೆಲೆ, ಹಿಂಬದಿಯ ಮೊಹರು, ಕೈಗವಸಿನ ಲೇಬಲ್ಲು. ವಿವರಣೆ ಬರೆದವನಿಗೆ ಮಾಲು ಮಾರಬೇಕಾಗಿರುತ್ತದೆ. ಅಂಚಿನಲ್ಲಿ ಇರುವೆಯಷ್ಟು ಸಣ್ಣಗೆ ಅಚ್ಚಾದ ವಿಳಾಸಕ್ಕೆ ಅಂಥ ಹಂಗಿಲ್ಲ.

ಆ ವಿಳಾಸದಿಂದಲೇ ಅರ್ಧ ಕೆಲಸ ಆಗುತ್ತದೆ. ಅಮೆರಿಕದ ದೊಡ್ಡ ಊರುಗಳ ಹೆಸರಿನ ಮುಂದೆ ಒಂದೆರಡು ಅಂಕಿಯ ಅಂಚೆ ವಲಯ ಬಂದದ್ದು 1943ರಲ್ಲಿ, ಐದು ಅಂಕಿಯ ಜಿಪ್ ಕೋಡ್ ಬಂದದ್ದು 1963ರ ಜುಲೈಯಲ್ಲಿ. 1952ರ ಸೆಪ್ಟೆಂಬರ್ 23ರ ಮಾರ್ಸಿಯಾನೊ–ವಾಲ್ಕಾಟ್ ಪಂದ್ಯದ ಪೋಸ್ಟರ್ ಎನ್ನುವುದರ ಅಡಿಯಲ್ಲಿ ‘ನ್ಯೂಯಾರ್ಕ್ 19’ ಅಂತಿದ್ದರೆ ಕಾಲ ಹೊಂದುತ್ತದೆ. ಐದು ಅಂಕಿ ಇದ್ದರೆ ಮುಂದಿನ ಲಾಟಿಗೆ ಹೋಗುತ್ತೇನೆ. ಪತ್ರಿಕಾ ಫೋಟೊಗಳಿಗೂ ಇದೇ ದಾರಿ. ಇಂಟರ್‌ನ್ಯಾಷನಲ್ ನ್ಯೂಸ್ ಸರ್ವಿಸ್ ಮತ್ತು ಯುನೈಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಗಳು ಕೂಡಿ ಯುಪಿಐ (ಯುನೈಟೆಡ್ ಪ್ರೆಸ್ ಇಂಟರ್‌ನ್ಯಾಷನಲ್) ಆದದ್ದು 1958ರಲ್ಲಿ. 1938ರ ಲೂಯಿಸ್–ಶ್ಮೆಲಿಂಗ್ ಫೋಟೊದ ಬೆನ್ನಿಗೆ ಯುಪಿಐ ಮೊಹರಿದ್ದರೆ ಅದು ನಕಲಿ ಎಂದಲ್ಲ, ಹಳೆಯ ನೆಗೆಟಿವ್‌ನಿಂದ ಇಪ್ಪತ್ತು ವರ್ಷದ ಮೇಲೆ ತೆಗೆದ ಪ್ರತಿ ಎಂದರ್ಥ. ಪಂದ್ಯದ ಆಸುಪಾಸಿನಲ್ಲೇ ತೆಗೆದ ಪ್ರತಿಗೂ ಇದಕ್ಕೂ ಬೆಲೆಯಲ್ಲಿ ಅಜಗಜಾಂತರ. ಎರಡನ್ನೂ ‘ವಿಂಟೇಜ್ ಫೋಟೊ’ ಎಂಬ ಒಂದೇ ಮಾತಿನಲ್ಲಿ ಮಾರುವವರಿದ್ದಾರೆ.

ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದರೆ ಮೂರು ಸಾಮಾನು ಸಾಕು: ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಮಿಲಿಮೀಟರ್ ಅಳತೆಪಟ್ಟಿ, ಪುಟ್ಟ ಯುವಿ ಟಾರ್ಚು. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಹೆಚ್ಚುಕಡಿಮೆ 1950ರ ಹೊತ್ತಿಗೆ. 1910ರ ಜುಲೈ 4ರಂದು ರೀನೊದಲ್ಲಿ ನಡೆದ ಜಾನ್ಸನ್–ಜೆಫ್ರೀಸ್ ಪಂದ್ಯದ ಕಾಗದವೊಂದು ಕತ್ತಲಲ್ಲಿ ಯುವಿ ಬೆಳಕಿಗೆ ನೀಲಿಬಿಳಿಯಾಗಿ ಬೆಳಗಿದರೆ ಅದು ಮರುಮುದ್ರಣ. ಬೆಳಗಲಿಲ್ಲ ಅಂದಮಾತ್ರಕ್ಕೆ ಅಸಲಿ ಎನ್ನಲಾಗದು. ಆ ರಾಸಾಯನಿಕ ಹಾಕದ ಕಾಗದ ಇಂದಿಗೂ ಸಿಗುತ್ತದೆ, ನಕಲಿ ಮಾಡುವವರಿಗೂ ಅದು ಗೊತ್ತು.

ಪೋಸ್ಟರ್‌ಗಳಲ್ಲಿ ಹೆಚ್ಚು ಜನ ಎಡವುವುದು ಒಂದೇ ಕಡೆ. ಪಂದ್ಯ ನಡೆದ ಅಂಗಣಕ್ಕೆ ಜನರನ್ನು ಕರೆಯಲು ಅಚ್ಚು ಹಾಕಿಸಿದ್ದು ಬೇರೆ, ಆ ಪಂದ್ಯವನ್ನು ಕ್ಲೋಸ್ಡ್ ಸರ್ಕಿಟ್ ಟಿವಿಯಲ್ಲಿ, ಅಂದರೆ ಥಿಯೇಟರ್‌ಗಳಿಗಷ್ಟೇ ಕಳಿಸುವ ನೇರಪ್ರಸಾರದಲ್ಲಿ, ತೋರಿಸಿದ ಥಿಯೇಟರ್‌ಗಳಿಗಾಗಿ ಹಾಕಿಸಿದ್ದು ಬೇರೆ. 1971ರ ಮಾರ್ಚ್ 8ರ ಅಲಿ–ಫ್ರೇಜಿಯರ್ ಪಂದ್ಯದ ಎರಡನೇ ಜಾತಿಯವು ಎಷ್ಟೋ ಉಳಿದಿವೆ, ಮೊದಲನೆಯವು ಅಪರೂಪ. ಗುರುತು ಸುಲಭ. ಥಿಯೇಟರಿನದರಲ್ಲಿ ಊರಿನ ಚಿತ್ರಮಂದಿರದ ಹೆಸರು ಒತ್ತಲು ಬಿಳಿ ಪಟ್ಟಿ ಬಿಟ್ಟಿರುತ್ತಾರೆ, ಅದು ಖಾಲಿ ಇರಬಹುದು, ಬೇರೆ ಅಕ್ಷರಶೈಲಿಯಲ್ಲಿ ಹೆಸರು ಬಿದ್ದಿರಬಹುದು. ಅಂಗಣದ್ದರಲ್ಲಿ ಆಸನದ ದರಗಳೂ ಪೋಷಕ ಪಂದ್ಯಗಳ ಪಟ್ಟಿಯೂ ಇರುತ್ತವೆ. ಬಿಳಿ ಪಟ್ಟಿಯನ್ನು ಕತ್ತರಿಸಿ ಚೌಕಟ್ಟು ಹಾಕಿದ್ದೂ ಉಂಟು, ಅದಕ್ಕೇ ಅಳತೆ ಕೇಳುವುದು. ವಿಂಡೊ ಕಾರ್ಡ್ ಎನ್ನುವ ದಪ್ಪ ರಟ್ಟಿನ ಪೋಸ್ಟರ್ ಸಾಮಾನ್ಯವಾಗಿ 14 × 22 ಇಂಚು. ಎತ್ತರ 19 ಇಂಚು ಬಂದರೆ ಮೂರು ಇಂಚು ಎಲ್ಲಿ ಹೋಯಿತೆಂದು ವಿಚಾರಿಸಬೇಕು.

ದಿನಾಂಕ ತಪ್ಪಾಗಿದೆ ಎಂದು ಒಳ್ಳೆಯ ಮಾಲನ್ನು ಕೈಬಿಡುವುದೂ ಅಷ್ಟೇ ನಷ್ಟ. ಆಫ್ರಿಕದ ಕಿನ್ಶಾಸಾದ ಅಲಿ–ಫೋರ್ಮನ್ ಪಂದ್ಯ ಮೊದಲು ನಿಗದಿಯಾಗಿದ್ದು 1974ರ ಸೆಪ್ಟೆಂಬರ್ 25ಕ್ಕೆ. ಅಭ್ಯಾಸದಲ್ಲಿ ಫೋರ್ಮನ್ ಕಣ್ಣಿನ ಮೇಲೆ ಸೀಳುಗಾಯವಾಗಿ ಅದು ಅಕ್ಟೋಬರ್ 30ಕ್ಕೆ ಹೋಯಿತು. ಸೆಪ್ಟೆಂಬರ್ ಎಂದಿರುವ ಪೋಸ್ಟರು ಟಿಕೆಟ್ಟುಗಳಲ್ಲಿ ದೋಷವೇನಿಲ್ಲ. ಪಂದ್ಯ ಶುರುವಾದದ್ದು ಅಲ್ಲಿಯ ನಸುಕಿನಲ್ಲಿ, ಅಮೆರಿಕದಲ್ಲಿ ಆಗ ಇನ್ನೂ 29ರ ರಾತ್ರಿ, ಆದ್ದರಿಂದ ಒಂದು ದಿನದ ಹೆಚ್ಚುಕಡಿಮೆಯೂ ಸಹಜ. ಅಲಿ–ಲಿಸ್ಟನ್ ಎರಡನೇ ಪಂದ್ಯ 1964ರ ನವೆಂಬರ್ 16ರಂದು ಬೋಸ್ಟನ್‌ನಲ್ಲಿ ಆಗಬೇಕಿತ್ತು, ಅಲಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ 1965ರ ಮೇ 25ಕ್ಕೆ ಮೇನ್ ರಾಜ್ಯದ ಲೂಯಿಸ್ಟನ್‌ಗೆ ಹೋಯಿತು. ಬೋಸ್ಟನ್‌ನ ಟಿಕೆಟ್ಟು ನಡೆಯದ ಪಂದ್ಯದ್ದು, ಆದರೂ ಅಸಲಿ. ಲೂಯಿಸ್ಟನ್‌ನಲ್ಲಿ ಸೇರಿದ್ದು 2,434 ಜನ ಮಾತ್ರ. ಹೀಗೆ ಅಂಗಣ ತುಂಬದ ಪಂದ್ಯಗಳ ವಿಷಯದಲ್ಲಿ ಹರಿಯದ ಇಡೀ ಟಿಕೆಟ್ಟಿಗೆ ಕಣ್ಣುಮುಚ್ಚಿ ಹೆಚ್ಚು ಕೊಡಬಾರದು. ಬಿಕರಿಯಾಗದೆ ಉಳಿದದ್ದೂ ಇಡೀ ಟಿಕೆಟ್ಟೇ. ಬಾಗಿಲಲ್ಲಿ ಹರಿದ ಅರ್ಧ ತುಂಡು ಪಂದ್ಯ ನೋಡಿದವನ ಜೇಬಿನಿಂದ ಬಂದದ್ದು, ನನಗೆ ಅದೇ ಇಷ್ಟ.

ಸಹಿಗಳಲ್ಲಿ ಮೊದಲು ನೋಡಬೇಕಾದ್ದು ಲೇಖನಿ. ಅಮೆರಿಕದ ಅಂಗಡಿಗೆ ಬಾಲ್‌ಪೆನ್ ಬಂದದ್ದು 1945ರ ಅಕ್ಟೋಬರ್‌ನಲ್ಲಿ, ಜ್ಯಾಕ್ ಜಾನ್ಸನ್ ತೀರಿಕೊಂಡದ್ದು 1946ರ ಜೂನ್‌ನಲ್ಲಿ. ನಡುವಿನ ಎಂಟು ತಿಂಗಳಿಗೆ ಎಷ್ಟು ಬಾಲ್‌ಪೆನ್ ಸಹಿಗಳನ್ನು ನಂಬಬಹುದು, ಲೆಕ್ಕ ಹಾಕಿಕೊಳ್ಳಿ. ಶಾರ್ಪಿ ಮಾರ್ಕರ್ ಬಂದದ್ದು 1964ರಲ್ಲಿ, ಮಾರ್ಸಿಯಾನೊ ವಿಮಾನಾಪಘಾತದಲ್ಲಿ ಸತ್ತದ್ದು 1969ರಲ್ಲಿ. ಅಲಿಯ ಸಹಿ ಒಂದಲ್ಲ, ಕಾಲಕ್ಕೊಂದು. ಅವನ ಮೊದಲ ಹೆಸರು ಕ್ಯಾಸಿಯಸ್ ಕ್ಲೇ, ಅದು ಬದಲಾದದ್ದು 1964ರ ಮಾರ್ಚ್‌ನಲ್ಲಿ. ಪಾರ್ಕಿನ್ಸನ್ ಲಕ್ಷಣಗಳು ಪತ್ತೆಯಾದದ್ದು 1984ರಲ್ಲಿ, ಆಮೇಲಿನ ಸಹಿಗಳು ಬರಬರುತ್ತಾ ಕುಗ್ಗಿ ಇಕ್ಕಟ್ಟಾದವು. 1960ರ ಫೋಟೊ ಮೇಲೆ ಇಕ್ಕಟ್ಟಾದ ‘ಕ್ಯಾಸಿಯಸ್ ಕ್ಲೇ’ ಇದ್ದರೆ ಅಭಿಮಾನಿಗಳ ಕೋರಿಕೆಗೆ ನಂತರ ಹಾಕಿದ್ದಿರಬಹುದು. ಅಸಲಿಯೇ, ಆದರೆ ಆ ಕಾಲದ ಸಹಿಯ ಬೆಲೆ ಅದಕ್ಕಿಲ್ಲ. ಹಳೆಯ ಚಾಂಪಿಯನ್ ಜ್ಯಾಕ್ ಡೆಂಪ್ಸಿ ಮಾತ್ರ ನ್ಯೂಯಾರ್ಕಿನ ಬ್ರಾಡ್‌ವೇಯ ತನ್ನ ರೆಸ್ಟೊರೆಂಟಿಗೆ ಬಂದವರಿಗೆಲ್ಲ ಸಹಿ ಹಾಕಿಕೊಟ್ಟವನು, ಅವನದು ಅಗ್ಗಕ್ಕೆ ಸಿಕ್ಕಿತೆಂದು ಗಾಬರಿ ಬೇಡ.

ಇನ್ನೊಂದು ಸಣ್ಣ ಪರೀಕ್ಷೆ. ಸಹಿಯ ಗೆರೆ ಕಾಗದದ ಮಡಿಕೆ ದಾಟುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಮಡಿಸುವ ಮೊದಲೇ ಸಹಿ ಹಾಕಿದ್ದರೆ ಮಡಿಕೆಯಲ್ಲಿ ಶಾಯಿಯ ಪದರ ಬಿರಿದು ಒಳಗಿನ ಬಿಳಿ ಎಳೆ ಕಾಣುತ್ತದೆ. ಮಡಿಕೆ ಬಿದ್ದ ಮೇಲೆ ಹಾಕಿದ್ದರೆ ಶಾಯಿ ಆ ಒಡಕಿಗೆ ಇಳಿದು ಕವಲಿನಂತೆ ಹಬ್ಬಿರುತ್ತದೆ. ತೊಂಬತ್ತು ವರ್ಷ ಹಳೆಯ ಪ್ರೋಗ್ರಾಮ್ ಪುಸ್ತಿಕೆಯ ಸವೆದ ಮಡಿಕೆಯೊಳಗೆ ಶಾಯಿ ಹಬ್ಬಿದ್ದರೆ ಪುಸ್ತಿಕೆ ಹಳೆಯದು, ಸಹಿ ಹೊಸದು.

ಪ್ರಮಾಣಪತ್ರದ ಬಗ್ಗೆ ಎರಡೇ ಮಾತು. ಎಫ್‌ಬಿಐ 1990ರ ದಶಕದಲ್ಲಿ ನಡೆಸಿದ ಆಪರೇಷನ್ ಬುಲ್‌ಪೆನ್‌ನಲ್ಲಿ ಸಿಕ್ಕಿಬಿದ್ದ ಖೋಟಾ ಸಹಿಗಳಿಗೂ ಪ್ರಮಾಣಪತ್ರಗಳಿದ್ದವು. ಸಹಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪಿಎಸ್‌ಎ, ಜೆಎಸ್‌ಎ, ಬೆಕೆಟ್‌ನಂಥ ಕಂಪನಿಗಳ ಸಂಖ್ಯೆಯಿದ್ದರೆ ಅವರ ತಾಣದಲ್ಲಿ ಹಾಕಿ ನೋಡುತ್ತೇನೆ, ಆ ಸಂಖ್ಯೆ ವಸ್ತುವಿನ ಮೇಲೇ ಅಂಟಿದೆಯೋ ಬರೀ ಪತ್ರದಲ್ಲಿದೆಯೋ ಎಂದೂ ನೋಡುತ್ತೇನೆ. ಬಿಡಿ ಪತ್ರ ಯಾವ ಫೋಟೊ ಜೊತೆಗೂ ಹೊರಡಬಲ್ಲದು.

ಪಂದ್ಯದಲ್ಲಿ ತೊಟ್ಟ ಕೈಗವಸು ನನ್ನ ಮಟ್ಟಿಗೆ ಅತ್ಯಂತ ಅಪಾಯದ ವಿಭಾಗ. ಪಂದ್ಯದ ಮೊದಲು ದಾರದ ಮೇಲೆ ಟೇಪು ಸುತ್ತುವುದರಿಂದ ಮುಗಿದ ಮೇಲೆ ಬಿಚ್ಚುವ ಬದಲು ಕತ್ತರಿಸುವುದೇ ವಾಡಿಕೆ. ಕತ್ತರಿಸಿದ ದಾರ, ಮಣಿಕಟ್ಟಿನ ಬಳಿ ಟೇಪಿನ ಅಂಟು, ಇವು ಒಳ್ಳೆಯ ಲಕ್ಷಣ, ಅಷ್ಟೇ. ಕತ್ತರಿ ಯಾರ ಮನೆಯಲ್ಲೂ ಇರುತ್ತದೆ. ಪಂದ್ಯದ ಫೋಟೊ ಇಟ್ಟುಕೊಂಡು ಲೇಬಲ್ಲಿನ ಓರೆ, ಹೊಲಿಗೆ ತಪ್ಪಿದ ಜಾಗ, ದಾರದ ಕಣ್ಣುಗಳ ಅಂತರ ಹೊಂದಿಸಲಾಗದಿದ್ದರೆ ಅದನ್ನು ಆ ಕಾಲದ ಕೈಗವಸು ಎಂಬ ಬೆಲೆಗಷ್ಟೇ ಕೊಳ್ಳಬೇಕು. ಕೊಂಡಮೇಲೆ ಎಣ್ಣೆ, ಪಾಲಿಶು ಏನೂ ಹಚ್ಚಬಾರದು. ಕೆಂಪು ಪುಡಿ ಉದುರುತ್ತಿದ್ದರೆ ಚರ್ಮವೇ ಕೊಳೆಯುತ್ತಿದೆ, ಎಣ್ಣೆ ಅದನ್ನು ಕಪ್ಪು ಮಾಡಿ ಗಟ್ಟಿಯಾಗಿಸುತ್ತದೆ.

ಚಿತ್ರಕಲೆಯ ಕಡೆ ಬಂದರೆ ಮನಸ್ಸಿಗೆ ನೆಮ್ಮದಿ, ಅಲ್ಲಿ ಪುರಾವೆ ಹಾಳೆಯಲ್ಲೇ ಇರುತ್ತದೆ. ಅಮೆರಿಕದ ಚಿತ್ರಕಾರ ಜಾರ್ಜ್ ಬೆಲೋಸ್‌ನ ‘ಡೆಂಪ್ಸಿ ಆ್ಯಂಡ್ ಫಿರ್ಪೊ’ ಕಲ್ಲಚ್ಚು (ಲಿಥೋಗ್ರಾಫ್) 103 ಪ್ರತಿಗಳದ್ದು, ಚಿತ್ರಭಾಗ ಸುಮಾರು 46 × 57 ಸೆಂ.ಮೀ. ಕಲ್ಲಚ್ಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಕ್ರೇಯಾನ್ ಎಳೆದ ಒರಟು ಕಣಗಳು ಎರ್ರಾಬಿರ್ರಿಯಾಗಿ ಕಾಣುತ್ತವೆ. ಸಾಲಾಗಿ, ಸಮ ಅಂತರದಲ್ಲಿ ಚುಕ್ಕಿಗಳಿದ್ದರೆ ಅದು ಫೋಟೊ ತೆಗೆದು ಅಚ್ಚು ಹಾಕಿದ್ದು. ಬೆಲೋಸ್ 1925ರಲ್ಲೇ ತೀರಿಕೊಂಡ. ಅವನು ಸಹಿ ಹಾಕದೆ ಉಳಿದ ಪ್ರತಿಗಳಿಗೆ ಹೆಂಡತಿ ಎಮ್ಮಾ ಅವನ ಹೆಸರು ಬರೆದು ಪಕ್ಕದಲ್ಲಿ ‘ಇ.ಎಸ್.ಬಿ.’ ಎಂದೂ, ಮಗಳು ಜೀನ್ ‘ಜೆ.ಬಿ.ಬಿ.’ ಎಂದೂ ಹಾಕಿದ್ದಾರೆ. ಅಚ್ಚು ಅಸಲಿಯೇ, ಪೆನ್ಸಿಲ್ ಸಹಿ ಅವನ ಕೈಯದ್ದಲ್ಲ. ಕ್ಯಾಟಲಾಗಿನಲ್ಲಿ ‘ಸಹಿಯುಳ್ಳದ್ದು’ ಎಂದಷ್ಟೇ ಇದ್ದರೆ ಆ ಮೂಲೆಯ ಹತ್ತಿರದ ಫೋಟೊ ತರಿಸಿಕೊಳ್ಳಿ.

ಅದಕ್ಕೂ ಹಿಂದಿನ ಇಂಗ್ಲಿಷ್ ಮುದ್ರಣಗಳಲ್ಲಿ, ಅಂದರೆ ಮೆಂಡೋಜ, ಕ್ರಿಬ್, ಮೊಲಿನೊ ಎಂಬ ಬಾಕ್ಸರ್‌ಗಳ ಕಾಲದವುಗಳಲ್ಲಿ, ಚಿತ್ರದ ಅಡಿಯ ಪ್ರಕಾಶನದ ಸಾಲು ಮುಖ್ಯ. 1735ರ ಕಾಯಿದೆಯಿಂದಾಗಿ ಪ್ರಕಾಶಕನ ಹೆಸರು, ದಿನಾಂಕ ಫಲಕದಲ್ಲೇ ಕೊರೆಯಬೇಕಾಯಿತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಎಷ್ಟೋ ಸಲ ವ್ಹಾಟ್‌ಮನ್ ಕಾಗದ ಗಿರಣಿಯ ಹೆಸರೂ ವರ್ಷವೂ ವಾಟರ್‌ಮಾರ್ಕಿನಲ್ಲಿ ಕಾಣುತ್ತವೆ. ಸಾಲಿನಲ್ಲಿ 1811, ವಾಟರ್‌ಮಾರ್ಕಿನಲ್ಲಿ 1825 ಇದ್ದರೆ ಹಳೆಯ ಫಲಕದಿಂದ ಆಮೇಲೆ ಒತ್ತಿದ ಪ್ರತಿ. ಸವೆದ ತಾಮ್ರದ ಫಲಕದಿಂದ ಒತ್ತಿದ್ದರಲ್ಲಿ ಕಪ್ಪು ಬಣ್ಣ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅಡಿಯ ಸಾಲನ್ನೇ ಕತ್ತರಿಸಿದ ಪ್ರತಿಗೆ, ಬೇರೆಲ್ಲ ಚೆನ್ನಾಗಿದ್ದರೂ, ನಾನು ಅರ್ಧ ಬೆಲೆಯ ಮೇಲೆ ಹೋಗುವುದಿಲ್ಲ. 1860ರ ಹೀನನ್–ಸೇಯರ್ಸ್ ಪಂದ್ಯದ ಸ್ಟಾಫರ್ಡ್‌ಶೈರ್ ಪಿಂಗಾಣಿ ಗೊಂಬೆಗಳಲ್ಲಿ ಬುಡವನ್ನು ತಿರುಗಿಸಿ ನೋಡಿದರೆ ಮುಗಿಯಿತು: ಅಚ್ಚಿಗೆ ಒತ್ತಿ ಮಾಡಿದ ಹಳೆಯದರಲ್ಲಿ ಸಣ್ಣ ಗಾಳಿತೂತು, ದ್ರವಮಣ್ಣು ಸುರಿದು ಮಾಡಿದ ನಕಲಿನಲ್ಲಿ ದೊಡ್ಡ ತೂತು, ತೂಕವೂ ಹಗುರ.

ಹರಾಜಿಗೆ ನಾಲ್ಕೈದು ದಿನ ಮೊದಲೇ ಕಂಡಿಷನ್ ರಿಪೋರ್ಟ್ ಕೇಳುತ್ತೇನೆ. ‘ಸ್ಥಿತಿ ಚೆನ್ನಾಗಿದೆಯೇ’ ಎಂದು ಕೇಳಿದರೆ ‘ವಯಸ್ಸಿಗೆ ತಕ್ಕಂತಿದೆ’ ಎಂಬ ಉತ್ತರ ಬರುತ್ತದೆ. ಚೌಕಟ್ಟಿನಿಂದ ತೆಗೆದು ನೋಡಿದ್ದೀರಾ, ಹಾಳೆಯ ಪೂರ್ತಿ ಅಳತೆಯೆಷ್ಟು, ರಟ್ಟಿಗೆ ಅಂಟಿಸಿದ್ದಾರೆಯೇ, ಬೆನ್ನಿನ ಫೋಟೊ, ಪಕ್ಕದಿಂದ ಬೆಳಕು ಬಿಟ್ಟ ಫೋಟೊ, ಹೀಗೆ ಕೇಳಬೇಕು.

ಆಮೇಲೆ ಲೆಕ್ಕ. ಒಂದು ಪೋಸ್ಟರಿಗೆ ಎಲ್ಲ ಸೇರಿ 1,000 ಡಾಲರ್ ಮಿತಿ ಎಂದಿಟ್ಟುಕೊಳ್ಳಿ. ಸಾಗಣೆ, ವಿಮೆ 60 ಕಳೆದರೆ 940. ಬೈಯರ್ಸ್ ಪ್ರೀಮಿಯಂ, ಅಂದರೆ ಕೊಂಡವನು ಸವಾಲಿನ ಮೇಲೆ ಹರಾಜು ಸಂಸ್ಥೆಗೆ ಕೊಡುವ ಶುಲ್ಕ, 25%, ಆನ್‌ಲೈನ್ ವೇದಿಕೆಯ ಶುಲ್ಕ 3%. 940ನ್ನು 1.28ರಿಂದ ಭಾಗಿಸಿದರೆ 734. ಸವಾಲು 50ರಂತೆ ಏರುತ್ತಿದ್ದರೆ ನನ್ನ ಕೊನೆಯ ಕೂಗು 700. ಇನ್ನೊಂದೇ ಹೆಜ್ಜೆ ಎಂದು 750ಕ್ಕೆ ಹೋದರೆ 1,020 ಆಯಿತು. ತೆರಿಗೆ ಬೀಳುವ ಕಡೆ ಮಿತಿ ಇನ್ನೂ ಕೆಳಗಿಳಿಯುತ್ತದೆ. ಬ್ರಿಟನ್ನಿನಲ್ಲಿ ಪ್ರೀಮಿಯಂ ಮೇಲೆ 20% ವ್ಯಾಟ್ ಇರುವುದರಿಂದ ಅಲ್ಲಿಯ 25% ಎಂದರೆ ನಿಜಕ್ಕೆ 30%. ಅಮೆರಿಕದ ಕೆಲವು ಕ್ರೀಡಾ ಹರಾಜುಗಳಲ್ಲಿ ನಿಗದಿತ ವೇಳೆಗೆ ಮುಂಚೆ ಆ ಲಾಟಿಗೆ ಒಂದಾದರೂ ಸವಾಲು ಹಾಕಿದವರಿಗೆ ಮಾತ್ರ ಹೆಚ್ಚುವರಿ ಅವಧಿಯಲ್ಲಿ ಪ್ರವೇಶ. ಕೊನೇ ಗಳಿಗೆಯಲ್ಲಿ ನುಗ್ಗೋಣ ಎಂದು ಕಾದವರು ಹೊರಗುಳಿಯುತ್ತಾರೆ.

ಗೆದ್ದ ಮೇಲೆ ಮೊದಲ ಪತ್ರ ಪ್ಯಾಕಿಂಗ್ ಬಗ್ಗೆ. ವಿಂಡೊ ಕಾರ್ಡನ್ನು ಕೊಳವೆಯಲ್ಲಿ ಸುರುಳಿ ಸುತ್ತಿ ಕಳಿಸಬೇಡಿ, ಎರಡು ಗಟ್ಟಿ ಹಲಗೆಗಳ ನಡುವೆ ಚಪ್ಪಟೆಯಾಗಿಯೇ ಬರಲಿ ಎಂದು ಬರೆದು ಒಪ್ಪಿಗೆ ಪಡೆಯುತ್ತೇನೆ. ಸುರುಳಿ ಸುತ್ತಿದರೆ ಹಳೆಯ ರಟ್ಟಿನ ಪದರ ಬಿರಿದು ಬಣ್ಣ ಎದ್ದುಬಿಡುತ್ತದೆ. ಪೊಟ್ಟಣ ಬಿಚ್ಚುವಾಗ ಪ್ರತಿ ಹಂತದ ಫೋಟೊ ತೆಗೆಯುತ್ತೇನೆ, ದೂರು ಕೊಡಲು ಸಿಗುವ ದಿನಗಳು ಕಡಿಮೆ. ಇಡುವುದು ಪಾಲಿಯೆಸ್ಟರ್ ಹೊದಿಕೆಯಲ್ಲಿ, ಆಮ್ಲರಹಿತ ರಟ್ಟಿನ ಆಧಾರದೊಂದಿಗೆ. ಪಿವಿಸಿ ಹೊದಿಕೆ ಬೇಡ, ಅದು ಬೆವರಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಗೋಡೆಗೆ ಹಾಕುವುದಾದರೆ ಯುವಿ ತಡೆಯುವ ಗಾಜು, 50 ಲಕ್ಸ್‌ನಷ್ಟು ಮಂದ ಬೆಳಕು. ಮಾರ್ಕರ್ ಸಹಿಯಿರುವುದನ್ನಂತೂ ನಾನು ಗೋಡೆಗೆ ಹಾಕುವುದೇ ಇಲ್ಲ, ಅದರ ಬಣ್ಣದ ಪ್ರತಿ ತೆಗೆದು ಅದನ್ನೇ ತೂಗುಹಾಕುತ್ತೇನೆ.